ಇಲಿಗಾಗಿ ಕುದಿಸಿದ ಸೀಬೆ ಕೊಂಬೆ

ಪ್ರಿಯ ಶ್ರೋತೃಗಳೇ, ಇದು ಕೊಳ್ಳೇಗಾಲದ ನಮ್ಮ ಹಿತ್ತಲಿನ ಇಂದಿನ ವಾರ್ತೆ.

ಮಗಳ ಬಿಳಿ ಇಲಿಗಳಿಗೆ ಹಲ್ಲು ಸವೆಸಲು ಕೊಂಬೆ ಬೇಕು, ಕೊಂಬೆಯಲ್ಲಿ ಹುಳ ಇರಬಾರದು. ಅದಕ್ಕೇ ಔಷಧಿ ಹೊಡೆಯದ ಸೀಬೆ ಮರದ ಕೊಂಬೆಯನ್ನು ಉಜ್ಜಿ ತೊಳೆದು, ಹಂಡೆಯಲ್ಲಿ ಕುದಿಸಿ, ಬಿಸಿಲಿಗೆ ಹಾಕಿ ಬಂದೆ. ಅಷ್ಟರಲ್ಲಿ, ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗಿ ಬಂದಿದ್ದ ಪಕ್ಕದ ಮನೆ ಪುಟ್ಟಮ್ಮ ಹಂಡೆಯ ಕೆಂಪು ನೀರನ್ನು ಬಕೆಟ್ಟಿಗೆ ಬಗ್ಗಿಸಿ ಕಾಲು ಅದ್ದಿ ಕೂತಿದ್ದರು.

“ನೋವೆಲ್ಲಾ ಓಯ್ತು ಕಣ್ರಿ ಸಾ. ಆ ಕೊಂಬೆನೂ ಕೊಡಿ, ನಾಳೆ ನಮ್ಮನೇಲಿ ಕುದಿಸ್ಕತೀನಿ.”

“ಅದು ಮಗಳ ಇಲಿಗೆ ಕಣಮ್ಮ.”

“ಯಾವ ಮಗಳು ಸಾ? ಇಲಿ ಕಂಡ್ರೆ ಮಂಚ ಅತ್ತೋಳಾ?”

ಕೊನೆಗೆ ನೀರು ಅವರ ಕಾಲಿಗೆ, ಕೊಂಬೆ ಇಲಿಯ ಪಾಲಿಗೆ ಎಂದು ತೀರ್ಮಾನವಾಯಿತು.

ಹೌದು ಶ್ರೋತೃಗಳೇ, ಇಲಿಗಳು ನನ್ನವೇ. ಹೆಸರೂ ಇಟ್ಟಿದ್ದೇನೆ.