ಯುಸಿಮಿಯ ಮೇಜಿನ ಮೇಲೆ ಕಾರ್ಖಾನೆಯ ಕೂಗು

ಯುಸಿಮಿ ಚಾರ್ಜರ್ ರಿಪೇರಿ ಮಾಡುವುದು ತನ್ನ ಮನೆಯ ಜಗಲಿಯಲ್ಲೇ. ಹಳೆಯ ಹೊಲಿಗೆ ಯಂತ್ರದ ಮೇಜು, ಅದರ ಮೇಲೊಂದು ದೀಪ, ಕೆಟ್ಟ ಬಲ್ಬು ರೇಡಿಯೊಗಳಿಂದ ಬಿಚ್ಚಿಟ್ಟ ಬಿಡಿಭಾಗಗಳ ಹತ್ತಾರು ಡಬ್ಬಿಗಳು. ಇಷ್ಟೇ ಅವಳ ಅಂಗಡಿ. ಹನ್ನೆರಡು ವರ್ಷಗಳ ಹಿಂದೆ, ಊರಿನ ಸಕ್ಕರೆ ಕಾರ್ಖಾನೆ ಇನ್ನೂ ಉಸಿರಾಡುತ್ತಿದ್ದಾಗ, ಅವಳು ಅಲ್ಲಿನ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುತ್ತಿದ್ದಳು. ಬಾಯ್ಲರಿನ ಮುಂದೆ ಬೆವರು ಸುರಿಸುವ ಗಂಡಸರು ಅವಳನ್ನು ‘ನೂಲು ಸುತ್ತೋ ಹುಡುಗಿ’ ಎಂದು ಕರೆದು ನಗುತ್ತಿದ್ದರು. ಎಲ್ಲರಿಗಿಂತ ಗಟ್ಟಿಯಾಗಿ ನಗುತ್ತಿದ್ದವನು ಎರಸ್ಮೊ.

ಆ ಎರಸ್ಮೊ ಒಂದು ಮಧ್ಯಾಹ್ನ ಅದೇ ಜಗಲಿಯ ಮುಂದೆ ಬಂದು ನಿಂತ. ಒಂದು ಕೈಯಲ್ಲಿ ಆರಿಹೋದ ಫೋನು, ಇನ್ನೊಂದರಲ್ಲಿ ಕೆಟ್ಟ ಚಾರ್ಜರು.

“ಕೊನೆಯವರು ಯಾರು?” ಎಂದು ಕೇಳಿದ.

ಯಾರೂ ಸಾಲಿನಲ್ಲಿ ನಿಂತಿರಲಿಲ್ಲ. ಬಾದಾಮಿ ಮರದ ನೆರಳಿನಲ್ಲಿ ಕೆಲವರು, ಎದುರು ಮನೆಯ ಮೆಟ್ಟಿಲ ಮೇಲೆ ಕೆಲವರು. ತನಗಿಂತ ಮುಂದೆ ಯಾರೆಂಬುದು ಮಾತ್ರ ಪ್ರತಿಯೊಬ್ಬರಿಗೂ ಗೊತ್ತಿತ್ತು.

“ನಾನೇ ಕಣಣ್ಣ,” ಎಂದಳು ರೊಟ್ಟಿ ಅಂಗಡಿಯ ಎಲ್ಪಿದಿಯಾ. “ನಿಮ್ಮ ಚಾರ್ಜರೂ ಬೆಳಿಗ್ಗೆ ಐದಕ್ಕೆ ಕರೆಂಟು ಬಂದಾಗ ಹೋಯ್ತಾ? ಇಡೀ ಬೀದಿಯವು ಮಾತಾಡಿಕೊಂಡು ಒಟ್ಟಿಗೇ ಹೊರಟುಬಿಟ್ಟವು ನೋಡಿ.”

ಕ್ಯೂಬಾದ ಎಲ್ಲ ಊರುಗಳಂತೆ ಇಲ್ಲಿಯೂ ಕರೆಂಟು ಹೋಗಿ ಬಂದು ಮಾಡುತ್ತದೆ. ಹೋದಾಗ ಯಾರೂ ಚಾರ್ಜರನ್ನು ಕೀಳುವುದಿಲ್ಲ. ಮರೆವಿನಿಂದಲ್ಲ, ಬೇಕೆಂದೇ. ಕರೆಂಟು ಬಂದೊಡನೆ ಫೋನು ‘ಟಿಣ್’ ಎನ್ನುತ್ತದೆ. ಮನೆಮಂದಿ ಎದ್ದು ನೀರಿನ ಪಂಪು ಹಾಕುತ್ತಾರೆ, ಅನ್ನಕ್ಕಿಡುತ್ತಾರೆ. ಮೊದಲ ರಭಸಕ್ಕೆ ಚಾರ್ಜರು ಸುಟ್ಟುಹೋಗಬಹುದೆಂದು ಎಲ್ಲರಿಗೂ ಗೊತ್ತು. ಆದರೂ ಆ ‘ಟಿಣ್’ ಇಲ್ಲದೆ ಯಾರಿಗೂ ನಿದ್ದೆ ಹತ್ತುವುದಿಲ್ಲ.

ಬೇರೆ ದಿನವಾಗಿದ್ದರೆ ಎರಸ್ಮೊ ತನ್ನ ಸರದಿ ಕಾಯುತ್ತಿದ್ದ. ಆದರೆ ಹಿಂದಿನ ಸಂಜೆ ಟಿಬುರ್ಸಿಯೊ ತೀರಿಕೊಂಡಿದ್ದ. ನಲವತ್ತೊಂದು ವರ್ಷ ಹಗ್ಗ ಎಳೆದು, ಪಾಳಿಗೆ ಕರೆಯುವ ಕಾರ್ಖಾನೆಯ ಕೂಗು ಹಾಕಿದವನು ಅವನು. “ನನ್ನನ್ನು ಗುಂಡಿಗೆ ಇಳಿಸುವಾಗ ಕೂಗು ಹಾಕಿಸು ಮಾರಾಯ,” ಎಂದು ಎರಸ್ಮೊನಿಂದ ಮಾತು ತೆಗೆದುಕೊಂಡಿದ್ದ. ಕಾರ್ಖಾನೆಯನ್ನು ತುಂಡುತುಂಡು ಮಾಡಿ ಲಾರಿಗಳಲ್ಲಿ ಸಾಗಿಸಿ ಎಷ್ಟೋ ಕಾಲವಾಗಿತ್ತು. ಕೊನೆಯ ದಿನದ ಕೂಗನ್ನು ಹಿಡಿದಿಡಬೇಕೆಂದು ಹೊಳೆದದ್ದು ಎರಸ್ಮೊನೊಬ್ಬನಿಗೇ. ಈಗ ಅದು ಇದ್ದದ್ದು ಈ ಫೋನಿನಲ್ಲಿ ಮಾತ್ರ. ಚಾರ್ಜರು ಸಿಕ್ಕಿಸುವ ಬಾಯಿ ಅಗಲವಾಗಿದ್ದ ಹಳೆಯ ಫೋನು. ಊರಿನ ಬೇರೆ ಯಾವ ಚಾರ್ಜರೂ ಅದಕ್ಕೆ ಕೂಡುತ್ತಿರಲಿಲ್ಲ. ಮಣ್ಣು ನಾಲ್ಕು ಗಂಟೆಗೆ. ಕರೆಂಟು ಹೋಗುವುದು ಮೂರಕ್ಕೆ.

ಇದನ್ನು ಅವನು ಎಲ್ಪಿದಿಯಾಳ ಕಿವಿಯಲ್ಲಿ ಹೇಳಿದ. ಅವಳು ಇಡೀ ಬೀದಿಗೆ ಹೇಳಿದಳು.

“ಟಿಬುರ್ಸಿಯೊಗೆ ಅಂದಮೇಲೆ ಸರದಿ ಯಾವುದು?” ಎಂದ ಮೆಟ್ಟಿಲ ಮೇಲಿದ್ದ ಮುದುಕ. “ನನ್ನನ್ನ ಅಷ್ಟು ವರ್ಷ ಹಾಸಿಗೆಯಿಂದ ಎಬ್ಬಿಸಿದ್ದು ಅವನು. ನನ್ನ ಹೆಂಡತಿ ಕೈಲೂ ಆಗದ ಕೆಲಸ ಅದು. ಹೋಗಪ್ಪ, ಜಗಲಿ ಹತ್ತು.”

ಯುಸಿಮಿ ತಲೆಯೆತ್ತಲಿಲ್ಲ. “ಬೇರೆ ಪ್ಲಗ್ಗಿಗೆ ಹಾಕಿ ನೋಡಿದ್ರಾ ಎರಸ್ಮಣ್ಣ?”

“ಮೂರು ಕಡೆ ಹಾಕಿ ನೋಡಿದೆ. ಅಲ್ಲಾಡಿಸಿದೆ. ಬೈದೂ ನೋಡಿದೆ.”

“ಬೈದದ್ದು ಸರಿ. ಅಲ್ಲಾಡಿಸಿದ್ದು ತಪ್ಪು.”

ಅವಳು ಮೊದಲು ಫೋನಿನ ಬಾಯಿಗೆ ದೀಪ ಹಿಡಿದು, ಹಲ್ಲುಕಡ್ಡಿಯಿಂದ ಜೇಬಿನ ನೂಲುಧೂಳನ್ನು ಮೆಲ್ಲಗೆ ಕೆದಕಿ ತೆಗೆದಳು. ಆಮೇಲೆ ವೈರನ್ನು ಎರಡು ಬೆರಳ ನಡುವೆ ತುದಿಯಿಂದ ತುದಿಗೆ ಸವರಿಕೊಂಡು ಹೋದಳು. ಕಣ್ಣು ಮುಚ್ಚಿತ್ತು. “ವೈರು ಚೆನ್ನಾಗಿದೆ,” ಎಂದಳು. ಮೀಟರು ಹಚ್ಚಿದಾಗ ಮುಳ್ಳೂ ಅದನ್ನೇ ಹೇಳಿತು. ಚಾರ್ಜರಿನ ಪೆಟ್ಟಿಗೆಯ ಅಂಚನ್ನು ಸುತ್ತಿಗೆಯ ಹಿಡಿಯಿಂದ ಒಮ್ಮೆ ತಟ್ಟಿದಳು. ಅದು ಕಡಲೆಕಾಯಿಯಂತೆ ಎರಡು ಹೋಳಾಯಿತು. ಮೂಸಿ ನೋಡಿದಳು.

“ಇಲ್ಲಿ ನೋಡಿ. ಇವನು ಬಾಗಿಲ ಕಾವಲುಗಾರ. ಜಾಸ್ತಿ ಕರೆಂಟು ನುಗ್ಗಿದ್ರೆ ತಾನು ಸುಟ್ಟುಕೊಂಡು ಒಳಗಿನವರನ್ನ ಉಳಿಸ್ತಾನೆ.”

ಅಕ್ಕಿಕಾಳಿನಷ್ಟಿದ್ದ ಒಂದು ಕಪ್ಪು ಚೂರು. ಎರಸ್ಮೊ ಕನ್ನಡಕ ಸರಿಮಾಡಿಕೊಂಡು ಬಗ್ಗಿದ. ಅವನ ಬಾಯ್ಲರಿನಲ್ಲಿಯೂ ಒಂದು ಸೀಸದ ಬಿರಡೆ ಇತ್ತು. ನೀರು ಇಳಿದು ಕಾವು ಮಿತಿಮೀರಿದರೆ ಅದು ತಾನು ಕರಗಿ ಬಾಯ್ಲರನ್ನು ಸಿಡಿಯದಂತೆ ಕಾಯುತ್ತಿತ್ತು. ಅದು ಅವನ ಹೆಬ್ಬೆರಳಿಗಿಂತ ದಪ್ಪ. ಅದೇ ಬುದ್ಧಿಯನ್ನು ಯಾರೋ ಅಕ್ಕಿಕಾಳಿನೊಳಗೆ ಇಟ್ಟಿದ್ದರು. ಆ ಅಕ್ಕಿಕಾಳಿನ ಮನಸ್ಸು ಈ ಹೆಂಗಸಿಗೆ ಅರ್ಥವಾಗುತ್ತಿತ್ತು.

“ಒಳಗಿನವರು ಉಳಿದಿದ್ದಾರಾ?”

“ಒಬ್ಬ ಹೊಟ್ಟೆ ಉಬ್ಬಿಸಿಕೊಂಡಿದ್ದಾನೆ. ಅವನನ್ನೂ ಕಳಿಸಬೇಕು.”

ಡಬ್ಬಿಯೊಂದರಿಂದ ಕೆಟ್ಟ ಬಲ್ಬಿನ ತಳ ತೆಗೆದು, ಅದರಿಂದ ಎರಡು ಭಾಗಗಳನ್ನು ಬಿಡಿಸಿಕೊಂಡಳು. ಬೆಸುಗೆ ಕಡ್ಡಿ ಕಾಯುತ್ತಿತ್ತು. ಹೊಗೆಯ ಎಳೆಯೊಂದು ಎದ್ದು, ಬೆಳ್ಳಿಯ ಹನಿಯೊಂದು ಸೂಜಿಮೊನೆಯಷ್ಟು ಜಾಗದಲ್ಲಿ ಕೂತಿತು. ಅವಳ ಕೈ ಒಂದಿಷ್ಟೂ ನಡುಗಲಿಲ್ಲ.

“ಆಗ ನಾವು ನಿನ್ನನ್ನ ನೂಲು ಸುತ್ತೋ ಹುಡುಗಿ ಅಂತಿದ್ವಿ,” ಎಂದ ಎರಸ್ಮೊ, ತಗ್ಗಿದ ದನಿಯಲ್ಲಿ.

“ಈಗಲೂ ಅನ್ನಿ. ಆದರೆ ತಲೆ ಬೆಳಕಿಗೆ ಅಡ್ಡ ತರಬೇಡಿ.”

ಮುಗಿದ ಮೇಲೂ ಅವಳು ಅದನ್ನು ನೇರವಾಗಿ ಗೋಡೆಗೆ ಹಾಕಲಿಲ್ಲ. ನಡುವೆ ಒಂದು ಬಲ್ಬು ಸೇರಿಸಿ ಹಾಕಿದಳು. ಬಲ್ಬು ಮಿಂಚಿ ಆರಿತು. ಎರಸ್ಮೊ ಮುಂದಕ್ಕೆ ಬಗ್ಗಿದ.

“ಹೋಯ್ತಾ?”

“ಆರಿದ್ರೆ ಒಳ್ಳೇದು ಕಣಣ್ಣ. ಉರೀತಾನೇ ಇದ್ದಿದ್ರೆ ಒಳಗೆ ಶಾರ್ಟ್ ಆಗಿದೆ ಅಂತ. ಆಗ ಅಳಬೇಕಿತ್ತು.”

ಫೋನಿನ ಕಪ್ಪು ಗಾಜಿನ ಮೇಲೆ ಖಾಲಿ ಬ್ಯಾಟರಿಯ ಚಿತ್ರ ಮೂಡಿತು. ಆಗ ಗಂಟೆ ಎರಡೂವರೆ. ಫೋನನ್ನು ಯಾರೂ ಮುಟ್ಟಕೂಡದೆಂದು ಯುಸಿಮಿ ಅದರ ಮೇಲೆ ತಟ್ಟೆ ಮುಚ್ಚಿದಳು. ಎಲ್ಪಿದಿಯಾ ಕಾಫಿ ತಂದಳು. ಮೂರಕ್ಕೆ ಇನ್ನೂ ಹತ್ತು ನಿಮಿಷವಿರುವಾಗಲೇ ಬೀದಿಯ ರೇಡಿಯೊಗಳೆಲ್ಲ ಒಮ್ಮೆಗೇ ಸುಮ್ಮನಾದವು. ತಟ್ಟೆ ಎತ್ತಿ ನೋಡಿದರೆ ನೂರಕ್ಕೆ ಆರು.

“ಆರು ಸಾಕಾ?”

“ಅಲ್ಲಿವರೆಗೂ ಆರಿಸಿಡಿ. ಸಮಯ ನೋಡೋಕೂ ತೆಗೀಬೇಡಿ,” ಎಂದು ಅವಳು ಕೈ ಒರೆಸಿಕೊಂಡಳು. “ನಾನೂ ಬರ್ತೀನಿ.”

ಸ್ಮಶಾನದಲ್ಲಿ ಹಗ್ಗಗಳ ಮೇಲೆ ಶವಪೆಟ್ಟಿಗೆ ಇಳಿಯತೊಡಗಿದಾಗ ಎರಸ್ಮೊ ಫೋನನ್ನು ಎತ್ತಿ ಹಿಡಿದು ಗುಂಡಿ ಒತ್ತಿದ. ಅವನಿಗೆ ನಾಚಿಕೆಯಾಗಿತ್ತು. ಮೂರು ಹರದಾರಿ ದೂರದ ಕಬ್ಬಿನ ಗದ್ದೆಗೂ ಕೇಳಿಸುತ್ತಿದ್ದ ಆ ಕೂಗು ಇಷ್ಟು ಪುಟ್ಟ ಡಬ್ಬಿಯಿಂದ ಹೇಗೆ ಬಂದೀತು?

ಅದು ಸಣ್ಣಗೆ ಬಂತು, ಸೊಳ್ಳೆಯ ಹಾಗೆ ಶುರುವಾಗಿ, ತೆಳ್ಳಗೆ ಏರಿ, ಒಂದೇ ಸಮನೆ ಮೊಳಗತೊಡಗಿತು. ಅಷ್ಟರಲ್ಲಿ ಅವನು ನೋಡಿದ: ಟೋಪಿ ತೆಗೆದ ಎಲ್ಲ ಮುದುಕರೂ ಫೋನಿಗೆ ಬೆನ್ನು ಮಾಡಿ, ಕಾರ್ಖಾನೆ ಇದ್ದ ದಿಕ್ಕಿಗೆ ಮುಖ ತಿರುಗಿಸಿದ್ದರು. ಹಾಗೆ ಮಾಡಿರೆಂದು ಯಾರೂ ಹೇಳಿರಲಿಲ್ಲ. ಅವನ ಕಾಲುಗಳೂ ತಿರುಗಿದ್ದವು.

ಕೂಗು ನಿಂತಿತು. ಹಗ್ಗ ಹಿಡಿದವರು ಹಗ್ಗ ಬಿಡುವುದನ್ನು ಮರೆತಿದ್ದರು. ಯುಸಿಮಿ ಅವನ ಪಕ್ಕಕ್ಕೆ ಬಂದು ಫೋನಿನ ಗಾಜನ್ನು ಇಣುಕಿ ನೋಡಿದಳು. ನೂರಕ್ಕೆ ಎರಡು ಉಳಿದಿತ್ತು.

“ಇನ್ನೊಂದ್ಸಲ ಆಗುತ್ತೆ,” ಎಂದಳು. “ಹಾಕಿ ಎರಸ್ಮಣ್ಣ.”

ಅವನು ಹಾಕಿದ.