ಕೈ ತೊಳೆಯುತ್ತಲೇ ಇದ್ದ ನನ್ನ ತಂಗಿ

ಕಳೆದ ಸೋಮವಾರ ನನ್ನ ತಂಗಿ ನನ್ನನ್ನು ಕಂಡು ಓಡಿಹೋದಳು.

ಹೌದು, ಓಡಿಯೇ ಹೋದಳು! ಸುಶೀಲಾ ಬನಹಟ್ಟಿಯಲ್ಲಿ ನರ್ಸ್. ಅಲ್ಲಿ ಕಾಲರಾ ಬಂದು ಮೂರು ವಾರವಾಯಿತು. ಸಾಲೆಗೆ ರಜೆ ಕೊಟ್ಟು ಅದನ್ನೇ ದವಾಖಾನೆ ಮಾಡಿದ್ದಾರೆ. ಆಕೆಯ ಕಾಗದವೇ ಬರಲಿಲ್ಲವೆಂದು ನಾನು ಅವ್ವ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿ ಹಿಡಿದು ಜಮಖಂಡಿಯಿಂದ ಬಸ್ ಹತ್ತಿದ್ದೆ. (ಹೊರಡುವ ಮೊದಲು ಇಂಜೆಕ್ಷನ್ ಚುಚ್ಚಿಸಿಕೊಂಡೆ. ತೋಳು ಇನ್ನೂ ನೋಯುತ್ತಿದೆ. ಅಕ್ಷರ ಸೊಟ್ಟಗಿದ್ದರೆ ಪ್ರೆಸ್ಸಿನವರು ಕ್ಷಮಿಸಬೇಕು.)

ಅವಳ ಹಿಂದೆಯೇ ಹೋಗಿ ನೋಡಿದೆ. ಪಡಸಾಲೆಯ ತುದಿಯಲ್ಲಿ ಬಕೆಟ್ಟಿನ ಮುಂದೆ ಕೂತು ಸೋಪು ಹಚ್ಚಿ ಕೈ ತಿಕ್ಕುತ್ತಿದ್ದಳು. ತೊಳೆದಳು. ಮತ್ತೆ ಸೋಪು ಹಚ್ಚಿದಳು. ಬೆರಳ ಗೆಣ್ಣುಗಳು ಬಿರಿದು ರಕ್ತ ಒಸರುತ್ತಿತ್ತು.

"ಸಾಕs ತಂಗಿ, ಉಣ್ಣು ಬಾ."

"ಮುಟ್ಟಬ್ಯಾಡಣ್ಣಾ, ದೂರ ನಿಲ್ಲು! ಕೈ ಇನ್ನೂ ಸ್ವಚ್ಛ ಆಗಿಲ್ಲ."

ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು. "ಹೋದ ವಾರ ಒಬ್ಬಾಕಿ ಬಾಣಂತಿ ನನ್ನ ಕೈ ಗಟ್ಟ್ಯಾಗಿ ಹಿಡಕೊಂಡಿದ್ಲು. ಬಾಜೂ ಹಾಸಿಗ್ಯಾಗಿನಾಕಿ ಭಾಳ ನರಳಾಕತ್ತಿದ್ಲು. ಬಿಡಿಸಿಕೊಂಡು ಆ ಕಡೆ ಹೋದೆ. ತಿರುಗಿ ಬರೂದ್ರಾಗ ಬಾಣಂತಿ ಹೋಗಿಬಿಟ್ಟಿದ್ಲು. ಕೈ ಬಿಡಿಸಿಕೊಂಡಾಕಿ ನಾನs ಅಲ್ಲಣ್ಣಾ?"

ನಾನೇನೆಂದೆ ಗೊತ್ತೇ? "ನೀ ನರ್ಸ್. ಹಿಂಗ ಮೆತ್ತಗಾದ್ರ ಹೆಂಗ?" ಎಂದೆ. ಈ ಅಂಕಣದಲ್ಲಿ ವಾರವಾರವೂ ನಿಮಗೆ ಬುದ್ಧಿ ಹೇಳುವವನಿಗೆ ಹೊಳೆದದ್ದು ಇಷ್ಟೇ! ಅವಳು ಬೆನ್ನು ತಿರುಗಿಸಿದಳು.

ಪಡಸಾಲೆಯಲ್ಲಿ ಕಾಶವ್ವ ಎಂಬ ನೇಕಾರರ ಹೆಂಗಸು ಕೂತಿದ್ದಳು. ಗುಣವಾಗಿ ಅಂದೇ ಮನೆಗೆ ಹೊರಟವಳು. ಎಲ್ಲ ಕೇಳಿಸಿಕೊಂಡಿದ್ದಳು. ಗೋಡೆ ಹಿಡಿದು ಎದ್ದು ಬಂದು ಸುಶೀಲಾಳ ಎದುರು ಕೂತು ಕೈ ಚಾಚಿದಳು.

"ಕೊಡs ಯವ್ವಾ ಕೈ."

"ಬ್ಯಾಡ್ರೀ, ಹೊಲಸದಾವು."

"ನಾ ವಾಂತಿ ಮಾಡಿಕೋತ ಬಿದ್ದಾಗ ಹೊಲಸ ಅಂದಿಯೇನು ನೀ? ಆ ಬಾಜೂ ಹಾಸಿಗ್ಯಾಗ ಇದ್ದಾಕಿ ಯಾರು? ನಾನs. ಅಕಿ ಕೈ ಬಿಡಿಸಿಕೊಂಡು ನೀ ನನ್ನ ಕಡೆ ಬಂದಿ. ಅದಕ್ಕs ನಾ ಇವತ್ತು ಮನಿಗೆ ಹೊಂಟೇನಿ."

ಸುಶೀಲಾ ಮುಖ ಎತ್ತಿ ನೋಡಿದಳು. ದಿನಕ್ಕೆ ಎಷ್ಟೋ ಮುಖ. ಗುರುತೇ ಸಿಕ್ಕಿರಲಿಲ್ಲ ಅವಳಿಗೆ. ಆಮೇಲೆ ಅತ್ತಳು. ಕಾಶವ್ವ ತನ್ನ ಗಂಟಿನಿಂದ ಕೊಬ್ಬರಿ ಎಣ್ಣೆ ತೆಗೆದು ಒಡೆದ ಬೆರಳುಗಳಿಗೆ ಒಂದೊಂದಾಗಿ ಹಚ್ಚಿದಳು. ನಾನು ಬುದ್ಧಿ ಹೇಳುವುದು ಬಿಟ್ಟು ಎಣ್ಣೆಯ ಬಾಟಲಿ ಹಿಡಿದುಕೊಂಡೆ. (ಆ ದಿನ ನಾನು ಮಾಡಿದ ಒಂದೇ ಶಾಣ್ಯಾತನ.)

ಬಾಗಿಲಲ್ಲಿ ಡಾಕ್ಟರ್ ಸಾಹೇಬರು ಎಲ್ಲ ಕೇಳುತ್ತ ನಿಂತಿದ್ದರು. ಕಡಕ್ ಮನುಷ್ಯ. ತಂಗಿಗೆ ರಜೆ ಕೇಳಬೇಕೆಂದು ನಾನು ಬಾಯಿ ತೆರೆಯುವ ಮೊದಲೇ ಕನ್ನಡಕ ತೆಗೆದರು.

"ನನಗೂ ಊಟ ಸೇರವಲ್ದರೀ. ಕಣ್ಣು ಮುಚ್ಚಿದ್ರ ತೀರಿಹೋದವರ ಮುಖಾನs ಬರ್ತಾವ. ಯಾರಿಗೆ ಹೇಳೂದು?"

ಮನಸ್ಸಿನದನ್ನು ಹೇಳಿದ ಮೇಲೆ ಅವರಿಗೆ ದಾರಿಯೂ ಹೊಳೆಯಿತು. ಈಗ ಗುಣವಾದವರ ಮನೆಯವರು ಪಾಳಿ ಹಚ್ಚಿ ನೀರು ಕಾಯಿಸುತ್ತಾರೆ, ಹಾಸಿಗೆ ಬಟ್ಟೆ ಕುದಿಸುತ್ತಾರೆ. ನರ್ಸುಗಳಿಗೆ ಸರದಿಯ ಮೇಲೆ ಅರ್ಧ ದಿನ ಬಿಡುವು. ಸಂಜೆ ಡಾಕ್ಟರರು ಎಲ್ಲರನ್ನೂ ಕೂಡಿಸಿಕೊಂಡು ಚಹಾ ಕುಡಿಯುತ್ತಾರಂತೆ. ಅತ್ತರೂ ಬೈಯುವುದಿಲ್ಲವಂತೆ!

ನಿನ್ನೆ ಸುಶೀಲಾಳ ಕಾಗದ ಬಂತು. ನಿದ್ದೆ ಬರುತ್ತಿದೆ, ಕೈ ಮಾಯುತ್ತಿದೆ ಎಂದು ಬರೆದಿದ್ದಾಳೆ. ಒಮ್ಮೊಮ್ಮೆ ಮತ್ತೆ ಬಕೆಟ್ಟಿನ ಕಡೆ ಓಡುವ ಹಾಗಾಗುತ್ತದಂತೆ. ಆಗ ತನ್ನ ಮನೆಯವರ ಜೊತೆ ಪಾಳಿಗೆ ಬರುವ ಕಾಶವ್ವ ಮಾತಿಗೆ ಎಳೆಯುತ್ತಾಳಂತೆ.

ಮುಂಬಯಿ ಸರ್ಕಾರ ಲಸಿಕೆ ಕಳಿಸಿದೆ, ಬಾವಿಗೆ ಹಾಕುವ ಪುಡಿ ಕಳಿಸಿದೆ. ಒಳ್ಳೆಯದೇ. ಆದರೆ ಕೆಲವು ಔಷಧ ಮುಂಬಯಿಯಿಂದ ಬರುವಂಥವಲ್ಲ.

ನಿಮ್ಮೂರ ನರ್ಸಮ್ಮನನ್ನು "ನೀವು ಹೆಂಗದೀರಿ?" ಎಂದು ಯಾರಾದರೂ ಕೇಳಿದ್ದೀರಾ?