ಕಟ್ಟೆಯ ಮೇಲಿನ ಬೋಗಾಣಿ

ಚಪ್ಪಾಳೆ ಗಿಟ್ಟಿಸಿದ ಭಾಷಣವನ್ನು ವಾಪಸ್ ತೆಗೆದುಕೊಳ್ಳುವ ಉಪಾಯ ಯಾರಿಗಾದರೂ ಗೊತ್ತಿದೆಯೇ? ಇದ್ದರೆ ದಯವಿಟ್ಟು ತಿಳಿಸಿ. ನನಗೆ ಅರ್ಜೆಂಟಾಗಿ ಬೇಕಾಗಿದೆ.

ಯಾದಗಿರಿಯಲ್ಲಿ ಈಚೆಗೆ ಒಂದು ಕಾರ್ಯಾಗಾರ ನಡೆಯಿತು. ವಿಷಯ ಶೇರಿಂಗ್ ಎಕಾನಮಿ, ಅಂದರೆ ಇದ್ದದ್ದನ್ನು ಹಂಚಿಕೊಂಡು ಬಳಸುವ ಅರ್ಥವ್ಯವಸ್ಥೆ. ಸಮುದಾಯ, ವ್ಯಾಪಾರಸ್ಥರು, ಸರಕಾರ ಮೂವರೂ ಇದನ್ನು ಅಪ್ಪಿಕೊಳ್ಳುವುದು ಹೇಗೆ ಅಂತ ಬ್ಯಾನರಿನಲ್ಲಿ ಬರೆದಿದ್ದರು. (ಅಪ್ಪಿಕೊಳ್ಳುವ ಮಾತು ಬ್ಯಾನರಿನದು, ನನ್ನದಲ್ಲ.) ನಾನು ಶಹಾಪುರದ ಕಾಲೇಜಿನಲ್ಲಿ ಕಾಮರ್ಸ್ ಕಲಿಸುವವನು. ಇಂಥ ಕಡೆ ಕರೆದರೆ ಪಿಪಿಟಿ ಹಿಡಿದು ಹೋಗುವುದು ರೂಢಿ. ಅವತ್ತು ನಾನು ನಿಂತು ಬಾಯಿ ತೆರೆಯುವುದಕ್ಕೂ ಕರೆಂಟ್ ಹೋಗುವುದಕ್ಕೂ ಸರಿಹೋಯಿತು. ಪಿಪಿಟಿ ಬಿಟ್ಟು ನಮ್ಮ ಓಣಿಯ ಕಥೆ ಹೇಳಿದೆ.

ನಮ್ಮ ಓಣಿಗೆ ಒಂದು ಮೊಬೈಲ್ ಗ್ರೂಪ್ ಇದೆ. ಯಾರಿಗೆ ಏನು ಬೇಕೋ ಅದರಲ್ಲಿ ಕೇಳುತ್ತಾರೆ. ಏಣಿ, ಡ್ರಿಲ್ ಮಷೀನು, ಎಕ್ಸ್‌ಟೆನ್ಶನ್ ಬೋರ್ಡು. ಇದ್ದವರು ಕೊಡುತ್ತಾರೆ. ಕೆಲಸ ಮುಗಿದ ಮೇಲೆ ವಾಪಸ್ ಬರುತ್ತದೆ (ಏಣಿ ಮಾತ್ರ ಸ್ವಲ್ಪ ತಡ). ಇದು ಹೊಸ ಪದ್ಧತಿ. ಇದಕ್ಕಿಂತ ಹಳೆಯದು ಇನ್ನೊಂದಿದೆ. ಗುಡಿಯ ಹಿಂದಿನ ಕೋಣೆಯಲ್ಲಿ ಓಣಿಗೆಲ್ಲ ಸೇರಿದ ಅಡುಗೆ ಭಾಂಡೆಗಳಿವೆ. ಹಂಡೆ, ಕಡಾಯಿ, ದೊಡ್ಡ ದೊಡ್ಡ ಬೋಗಾಣಿ. ಯಾರ ಮನೆಯಲ್ಲಿ ಮದುವೆಯೋ ಅವರು ಮೊದಲು ಒಂದು ಹೊಸ ಭಾಂಡೆ ತಂದು ಆ ಕೋಣೆಯಲ್ಲಿಡಬೇಕು. ಮೇಲೆ ಮನೆಯವರ ಹೆಸರು ಕೊರೆಸಿರಬೇಕು. ಆಮೇಲೆ ಕೀಲಿ ಇಸಕೊಂಡು ಬೇಕಾದ್ದೆಲ್ಲ ಒಯ್ಯಬಹುದು. ಬಾಡಿಗೆ ಗೀಡಿಗೆ ಇಲ್ಲ. ನನ್ನ ಮದುವೆಗೆ ನಮ್ಮಪ್ಪ ಇಟ್ಟ ಬೋಗಾಣಿಯಲ್ಲಿ ಅಲ್ಲಿಂದ ಇಲ್ಲಿಯವರೆಗೆ ಎಷ್ಟೋ ಮನೆಗಳ ಹುಗ್ಗಿ ಕುದ್ದಿದೆ.

ಸಭೆ ಜೋರಾಗಿ ಚಪ್ಪಾಳೆ ತಟ್ಟಿತು. ಅಧಿಕಾರಿಯೊಬ್ಬರು ಬಂದು ಕೈ ಕುಲುಕಿದರು. "ನಿಮ್ಮ ಓಣಿ ಮಾಡೆಲ್ ಅದ ನೋಡ್ರಿ ಸರ್. ನಾವು ಬಂದು ವಿಡಿಯೋ ಮಾಡ್ತೀವಿ" ಎಂದರು. ವಾಪಸ್ ಬರುವಾಗ ಬಸ್ಸು ಭೀಮಾ ದಾಟಿದ್ದೂ ನನಗೆ ಗೊತ್ತಾಗಲಿಲ್ಲ. ಅಷ್ಟು ಉಬ್ಬಿಹೋಗಿದ್ದೆ.

ಇನ್ನು ಸುನಂದಾ ಟೀಚರ್ ವಿಷಯ. ಪ್ರೈಮರಿ ಶಾಲೆಯ ಶಿಕ್ಷಕಿ. ಗಂಡ ಸುರಪುರದ ಕಚೇರಿಯೊಂದರಲ್ಲಿ ಗುಮಾಸ್ತ. ದಲಿತರು, ಈಗ ಬೌದ್ಧರು. ಮಗಳು ಅಂಗನವಾಡಿಗೆ ಹೋಗುವಾಗ ನಮ್ಮ ಓಣಿಯ ಕೊನೆಯಲ್ಲಿ ಮನೆ ಕಟ್ಟಿಸಿಕೊಂಡು ಬಂದರು. ಗ್ರೂಪಿನಲ್ಲಿ ಮನೆಯಿಂದ ಮನೆಗೆ ಓಡಾಡುವ ಡ್ರಿಲ್ ಮಷೀನು ಇದೆಯಲ್ಲ, ಅದು ಅವರದೇ. ಓಣಿಯ ಅರ್ಧ ಮನೆಗಳಲ್ಲಿ ದೇವರ ಫೋಟೋ ನೇತಾಡುತ್ತಿರುವುದು ಆ ಡ್ರಿಲ್ಲು ಕೊರೆದ ತೂತಿಗೆ ಬಡಿದ ಮೊಳೆಯ ಮೇಲೆ.

ಅವರ ಮಗಳ ಮದುವೆ ಗೊತ್ತಾಯಿತು. ಟೀಚರ್ ಪದ್ಧತಿ ಪ್ರಕಾರವೇ ನಡೆದರು. ಬಜಾರಿಗೆ ಹೋಗಿ ಗಟ್ಟಿಮುಟ್ಟಾದ ಸ್ಟೀಲ್ ಬೋಗಾಣಿ ಕೊಂಡರು. ತಮ್ಮ ಹೆಸರು, ಮಗಳ ಹೆಸರು ಕೊರೆಸಿದರು. ಆಟೋದಲ್ಲಿ ಹೇರಿಕೊಂಡು ಗುಡಿಯ ಹತ್ತಿರ ತಂದರು. ಕೋಣೆಯ ಕೀಲಿ ಇರುವುದು ಮಲ್ಲಣ್ಣ ಕಾಕಾನ ಹತ್ತಿರ. ಅರಿವೆ ಅಂಗಡಿಯ ಮಾಲೀಕ, ಓಣಿಗೆ ಹಿರಿಯ.

"ಕೀಲಿ ಮನ್ಯಾಗ ಮರ್ತು ಬಂದೀನ್ರಿ ಟೀಚರ್. ಇಲ್ಲೇ ಕಟ್ಟಿ ಮ್ಯಾಲ ಇಟ್ಟು ಹೋಗ್ರಿ. ನಾ ಒಳಗ ಇಡಸ್ತೀನಿ" ಎಂದ ಕಾಕಾ.

(ಆ ಕೀಲಿ ಕಾಕಾನ ಉಡದಾರಕ್ಕೇ ಕಟ್ಟಿರುತ್ತದೆ. ಸ್ನಾನಕ್ಕೂ ಬಿಚ್ಚುವುದಿಲ್ಲ. ಓಣಿಗೆಲ್ಲ ಗೊತ್ತು.)

ಬೋಗಾಣಿ ಗುಡಿಯ ಕಟ್ಟೆಯ ಮೇಲೆ ಕೂತಿತು. ಮರುದಿನವೂ ಅಲ್ಲೇ. ಅದರ ಮರುದಿನವೂ ಅಲ್ಲೇ. ಟೀಚರ್ ಗ್ರೂಪಿನಲ್ಲಿ ಕೇಳಿದರು, ಭಾಂಡೆ ಯಾವಾಗ ಒಯ್ಯಲಿ ಅಂತ. ಬೇರೆ ದಿನವಾದರೆ ಹೆಬ್ಬೆರಳಿನ ಚಿತ್ರಗಳ ಮಳೆಯೇ ಸುರಿಯುತ್ತಿತ್ತು. ಅವತ್ತು ಗ್ರೂಪಿಗೆ ಗ್ರೂಪೇ ಮೌನವ್ರತ ಹಿಡಿಯಿತು. ಯಾರೋ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಕಳಿಸಿದರು. ಆಮೇಲೆ ಇನ್ನೊಬ್ಬರು, ಟೀಚರ ಮೆಸೇಜಿನ ಕೆಳಗೇ, "ಡ್ರಿಲ್ ಖಾಲಿ ಅದ ಏನ್ರಿ ಟೀಚರ್?" ಎಂದು ಕೇಳಿದರು. ಕೇಳುವುದಕ್ಕೂ ಒಂದು ಮುಖ ಬೇಡವೇ?

ಟೀಚರ್ ಡ್ರಿಲ್ ಕೊಟ್ಟರು ಕೂಡ.

ನಾನು ಕಾಕಾನ ಅಂಗಡಿಗೆ ಹೋದೆ. "ಟೀಚರ ಬೋಗಾಣಿ ಇನ್ನಾ ಕಟ್ಟಿ ಮ್ಯಾಲೇ ಅದಲ್ಲ ಕಾಕಾ?" ಎಂದೆ.

ಕಾಕಾ ಸೀರೆ ಮಡಚುವುದನ್ನು ನಿಲ್ಲಿಸಲಿಲ್ಲ. "ನೀ ಓದಿದಾಂವ ಇದ್ದಿ. ನಿನಗ ನಾ ಏನ್ ಹೇಳ್ಲಿ. ಡ್ರಿಲ್ ಬ್ಯಾರೆ, ಅನ್ನ ಬ್ಯಾರೆ."

"ಡ್ರಿಲ್ಲಿಗಿ ಇಲ್ಲದ್ದು ಬೋಗಾಣಿಗಿ ಎಲ್ಲಿಂದ ಬಂತು?"

"ನನಗೇನಿಲ್ಲಪಾ. ಅವರ ಮನ್ಯಾಗ ನಾ ಚಾ ಕುಡದೀನಿ. ಮಂದಿ ಇದ್ದಾರಲ್ಲ? ನಾಳಿ ಆ ಬೋಗಾಣ್ಯಾಗ ಹುಗ್ಗಿ ಮಾಡಿದ್ರ ಮಂದಿ ಉಣಬೇಕಲ್ಲ?"

ಈ ಮಂದಿ ಯಾರು? ನಾನು ಹಟ ಹಿಡಿದು ಮನೆ ಮನೆಗೆ ಹೋಗಿ ಕೇಳಿದೆ. ಪ್ರತಿ ಮನೆಯಲ್ಲೂ ಅದೇ ಉತ್ತರ: ನಮಗೇನಿಲ್ರಿ, ಮಂದಿ. ಊರ ಗುಡ್ಡದಲ್ಲಿ ಬುದ್ಧ ಮಲಗಿದಂತೆ ಕಾಣುತ್ತಾನೆ ಅಂತ ಬಂದ ನೆಂಟರಿಗೆಲ್ಲ ತೋರಿಸಿ ಸೆಲ್ಫಿ ತೆಗೆಸುವವರೇ ಎಲ್ಲರೂ. ಆದರೆ ಈ ಮಂದಿ ಅನ್ನುವವರ ಮನೆ ಮಾತ್ರ ನನಗೆ ಕೊನೆಗೂ ಸಿಗಲಿಲ್ಲ. ನಿಮ್ಮ ಓಣಿಯಲ್ಲೇನಾದರೂ ಇದ್ದಾರೆಯೇ ನೋಡಿ.

ಸೋತು ಟೀಚರ ಮನೆಗೆ ಹೋದೆ. ನನ್ನ ಹೆಸರಿನ ಮೇಲೆ ಭಾಂಡೆ ಇಸಕೊಂಡು ತಂದುಕೊಡುತ್ತೇನೆ, ಮದುವೆ ಸುಸೂತ್ರ ಆಗಲಿ ಎಂದೆ. ದೊಡ್ಡ ಉಪಕಾರದ ಮಾತು ಅಂತಲೇ ತಿಳಿದಿದ್ದೆ.

"ಬ್ಯಾಡ್ರಿ ಸರ್" ಎಂದರು ಟೀಚರ್. "ಭಾಂಡಿ ಬಾಡಿಗಿಗಿ ಎಲ್ಲಿ ಬೇಕಾದ್ರ ಸಿಗ್ತಾವ. ನಾ ಭಾಂಡಿ ಸಿಗ್ಲಿ ಅಂತ ಬೋಗಾಣಿ ಇಟ್ಟಿಲ್ಲ. ಈ ಓಣ್ಯಾಗ ಆಡಿ ಬೆಳದಾಳ ನನ್ನ ಮಗಳು. ಎಲ್ಲರ ಮಕ್ಕಳ ಹೆಸರು ಇದ್ದಲ್ಲಿ ಆಕಿ ಹೆಸರೂ ಇರ್ಲಿ ಅಂತ ಇಟ್ಟೀನಿ."

ಒಳಗಿನಿಂದ ಆ ಹುಡುಗಿಯೇ ಚಹಾ ತಂದಳು. ನಾನು ಕಪ್ಪು ತೆಗೆದುಕೊಂಡು ನೆಲ ನೋಡುತ್ತ ಕುಡಿದೆ.

ಮದುವೆ ದಿನ ಹತ್ತಿರ ಬಂತು. ಟೀಚರು, ನಾನು ಶಾಮಿಯಾನದ ಅಂಗಡಿಗೆ ಹೋದೆವು. ಅಡುಗೆ ಭಾಂಡೆಗಳನ್ನೂ ಬಾಡಿಗೆ ಕೊಡುತ್ತಾರೆ. ವ್ಯಾಪಾರಸ್ಥನಿಗೆ ಗಿರಾಕಿಯೇ ದೇವರು, ಇಲ್ಲಾದರೂ ಕಿರಿಕಿರಿ ಇರಲಾರದು ಅಂದುಕೊಂಡಿದ್ದೆ. ಅಂಗಡಿಯವ ಯಾರ ಮನೆ, ಯಾವ ಓಣಿ, ಯಾರ ಪೈಕಿ ಎಂದೆಲ್ಲ ಕೇಳಿದ. ಬಹಳ ನಯವಾಗಿಯೇ ಕೇಳಿದ. ಆಮೇಲೆ ಮೂಲೆಯತ್ತ ಕೈ ತೋರಿಸಿದ. "ತಳಕ್ಕ ಕೆಂಪು ಬಣ್ಣ ಹಚ್ಚಿದ್ದು ಅವಲ್ರಿ, ಆ ಸೆಟ್ ಒಯ್ರಿ."

"ಬಣ್ಣ ಇಲ್ಲದ್ದು?" ಎಂದೆ.

"ಅವು ಬ್ಯಾರೆ ಮಂದಿಗ್ರಿ ಸರ್. ರೇಟ್ ಎರಡಕ್ಕೂ ಒಂದೇ."

ಟೀಚರ್ ಆ ಮೂಲೆಗೆ ನಡೆದರು. ಬಗ್ಗಿ ಭಾಂಡೆ ಆರಿಸತೊಡಗಿದರು. ನನಗೆ ಅಳು ಬಂತು. ಅಂಗಡಿಯ ಮುಂದೆ, ನಡು ಬಜಾರಿನಲ್ಲಿ, ಸಿಟ್ಟಿಗೆ ಬಂದ ಅಳು.

ಸರಕಾರ ಒಂದು ಉಳಿದಿತ್ತಲ್ಲ? ಅದೇ ವಾರ ಆ ಅಧಿಕಾರಿಯ ಫೋನ್ ಬಂತು. ವಿಡಿಯೋ ತಂಡ ಕಳಿಸುತ್ತಾರಂತೆ. ನಡೆದದ್ದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. "ಭಾಳ ಬೇಜಾರಿನ ವಿಷಯ ಅದರಿ ಸರ್. ಆದ್ರ ಸೆನ್ಸಿಟಿವ್ ಅದ. ಏಣಿ, ಡ್ರಿಲ್ಲು ಅಷ್ಟೇ ಶೂಟ್ ಮಾಡಿದ್ರ ನಡೀತದಲ್ರಿ?" ಎಂದರು. ನಡೆಯುವುದಿಲ್ಲ ಎಂದು ಫೋನ್ ಇಟ್ಟೆ. ಅವರಿಗೆ ಬೇರೆ ಯಾವುದಾದರೂ ಊರಲ್ಲಿ ಏಣಿ ಸಿಕ್ಕಿರುತ್ತದೆ ಬಿಡಿ.

ಮದುವೆ ಆಯಿತು. ಓಣಿಯವರೆಲ್ಲ ಬಂದರು. ಅಕ್ಕಿಕಾಳು ಹಾಕಿದರು, ಮುಯ್ಯಿ ಕೊಟ್ಟರು, ಫೋಟೋಕ್ಕೆ ನಿಂತರು. ಊಟದ ಹೊತ್ತಿಗೆ ಮಾತ್ರ ಒಬ್ಬರಿಗೆ ಉಪವಾಸ, ಇನ್ನೊಬ್ಬರಿಗೆ ಶುಗರ್. ಹೆಂಡತಿ ಶಾಂತಾ, ನಾನು ಪಂಕ್ತಿಯಲ್ಲಿ ಕೂತೆವು. ಹುಗ್ಗಿ ಚೆನ್ನಾಗಿತ್ತು.

ಬೋಗಾಣಿ ಕಟ್ಟೆಯ ಮೇಲೆಯೇ ಇತ್ತು. ನಾನು ಓಣಿಯ ಮೀಟಿಂಗ್ ಕರೆಸಿದೆ. ಒಂದೋ ಅದನ್ನು ಒಳಗಿಡಿ, ಇಲ್ಲವೇ ಆಗುವುದಿಲ್ಲ ಅಂತ ಟೀಚರ ಮುಖಕ್ಕೇ ಹೇಳಿ ಎಂದೆ. ಆಗುವುದಿಲ್ಲ ಅಂತ ಒಬ್ಬನೇ ಒಬ್ಬ ಹೇಳಲಿಲ್ಲ. ನಾವು ಬಹಳ ಮರ್ಯಾದಸ್ಥರು. ಕೊನೆಗೆ ಕಾಕಾ ಹೊಸ ವಿಚಾರ ತೆಗೆದ. "ಈಗೆಲ್ಲ ಕ್ಯಾಟರಿಂಗ್ ಬಂದಾವ. ಈ ಭಾಂಡಿ ಕೋಣಿ ಯಾರಿಗಿ ಬೇಕ್ರಿ? ಯಾರ ಹೆಸರಿದ್ದ ಭಾಂಡಿ ಅವರಿಗಿ ವಾಪಸ್ ಕೊಟ್ಟು ಬಿಡೂಣು."

ನನ್ನನ್ನು ಬಿಟ್ಟು ಎಲ್ಲರೂ ಕೈ ಎತ್ತಿದರು. ಅಷ್ಟು ಬೇಗ ನಮ್ಮ ಓಣಿಯಲ್ಲಿ ಯಾವ ಠರಾವೂ ಪಾಸಾಗಿಲ್ಲ. ನನ್ನ ಒಂದು 'ಬೇಡ' ಯಾರಿಗೂ ಕೇಳಿಸಲಿಲ್ಲ. ಒಂದು ಹೆಸರು ಒಳಗೆ ಬರಬಾರದು ಅಂತ ಎಲ್ಲರ ಹೆಸರೂ ಹೊರಗೆ ಬಂದವು. ಅಜ್ಜಂದಿರ ಕಾಲದಿಂದ ಕೂಡಿಬಂದದ್ದು ಒಂದು ಮುಂಜಾನೆಯಲ್ಲಿ ಖಾಲಿಯಾಯಿತು. ನಾನು ಬಾಗಿಲಲ್ಲಿ ನಿಂತು ನೋಡಿದೆ.

ಈಗ ಅಪ್ಪನ ಬೋಗಾಣಿ ನಮ್ಮ ಅಡುಗೆಮನೆಯಲ್ಲಿದೆ. ನಾವಿರುವುದು ಇಬ್ಬರು. "ಇದನ್ನ ಎಲ್ಲಿ ಇಡೂದ್ರಿ? ಇದರಾಗ ಕೂತು ಜಳಕ ಮಾಡಬಹುದು" ಅನ್ನುತ್ತಾಳೆ ಶಾಂತಾ. ಪಕ್ಕದ ಮನೆಯವರು ತಮ್ಮದರಲ್ಲಿ ಹಳೆಯ ಚಪ್ಪಲಿ ತುಂಬಿಟ್ಟಿದ್ದಾರೆ. ಊರಿಗೇ ಉಣಿಸಬಲ್ಲ ಭಾಂಡೆಗಳು ಮನೆಗೊಂದರಂತೆ ಮೂಲೆ ಸೇರಿ ಬೋರಲು ಬಿದ್ದಿವೆ. ಇದನ್ನು ಯಾವ ಎಕಾನಮಿ ಅನ್ನಬೇಕು?

ಎಲ್ಲ ಹಂಚಿ ಮುಗಿದ ಮೇಲೆ ಕಾಕಾ ಕಟ್ಟೆಯ ಮೇಲಿನ ಬೋಗಾಣಿಯನ್ನು ತಾನೇ ಎತ್ತಿಕೊಂಡು ಓಣಿಯ ಕೊನೆಗೆ ನಡೆದ. ಟೀಚರ ಬಾಗಿಲಲ್ಲಿ ಇಳಿಸಿ ಬೆವರು ಒರೆಸಿಕೊಂಡ.

"ಎಲ್ಲರದೂ ವಾಪಸ್ ಕೊಟ್ಟೀವ್ರಿ ಟೀಚರ್. ನಿಮ್ದೂ ತಂದೀನಿ. ನಮ್ಮ ಓಣ್ಯಾಗ ಭೇದ ಇಲ್ಲ ನೋಡ್ರಿ."

ಕಾಕಾ ಸುಳ್ಳು ಹೇಳಲಿಲ್ಲ. ಇಷ್ಟು ವರ್ಷಗಳಲ್ಲಿ ನಮ್ಮ ಓಣಿ ಸುನಂದಾ ಟೀಚರನ್ನು ಎಲ್ಲರ ಸಮನಾಗಿ ಕಂಡದ್ದು ಅವತ್ತೊಂದೇ ದಿನ.